ನಳಿಗೆಯ ನಡುಕ ಮತ್ತು ಮೂರು ಗುಂಡಿನ ಸಾಕ್ಷಿ



ನಿಮ್ಮಲ್ಲಿ ಯಾರಾದರೂ ಕಾಲೇಜಿನ ದಿನಗಳಲ್ಲಿ ಎನ್.ಸಿ.ಸಿ.ಯಲ್ಲಿ ಇದ್ದವರಾದರೆ ಫೈರಿಂಗ್ ರೇಂಜಿನ ಆ ಬೆಳಗು ನೆನಪಿರಬಹುದು. ನೆಲದ ಮೇಲೆ ಹೊಟ್ಟೆಯೂರಿ ಮಲಗಬೇಕು. .22 ರೈಫಲನ್ನು ಭುಜಕ್ಕೆ ಒತ್ತಿ ಹಿಡಿಯಬೇಕು. ಉಸಿರು ಬಿಗಿಹಿಡಿದು 25 ಗಜ ದೂರದ ಕಾಗದದ ಗುರಿಗೆ ಐದು ಗುಂಡು ಹಾರಿಸಬೇಕು. ಆಮೇಲೆ ಉಸ್ತಾದರು ಆ ಕಾಗದವನ್ನು ತಂದು, ಐದು ತೂತುಗಳು ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ಎಂದು ಅಳೆಯುತ್ತಾರೆ. ಇದಕ್ಕೆ ಅಲ್ಲಿ 'ಗ್ರೂಪಿಂಗ್' ಎಂದು ಹೆಸರು. ತೂತುಗಳು ಚದುರಿ ಬಿದ್ದಿದ್ದರೆ ನಮ್ಮಲ್ಲಿ ಹೆಚ್ಚಿನವರ ಬಾಯಿಂದ ಬರುವ ಮೊದಲ ಮಾತು, "ಸರ್, ಈ ರೈಫಲ್ಲೇ ಸರಿಯಿಲ್ಲ." ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ!

ಆದರೆ ಒಂದು ವಿಷಯ ಕೇಳಿ. ರೈಫಲಿನ ಮಟ್ಟಿಗೆ ಹೇಳುವುದಾದರೆ ನೆಲ ನಿಜಕ್ಕೂ ಸ್ವಲ್ಪ ಡೊಂಕೇ. ಗುಂಡು ಹಾರುವ ಕ್ಷಣದಲ್ಲಿ ಆ ಉಕ್ಕಿನ ನಳಿಗೆ ಬಿದಿರಿನ ಕೋಲಿನಂತೆ ನಡುಗುತ್ತದೆ. ಕಣ್ಣಿಗೆ ಕಾಣದ ಆ ನಡುಕವನ್ನು ಅರ್ಥಮಾಡಿಕೊಳ್ಳಲು, ಅಳೆಯಲು, ಕೊನೆಗೆ ಪಳಗಿಸಲು ಮನುಷ್ಯ ನೂರಕ್ಕೂ ಹೆಚ್ಚು ವರ್ಷಗಳಿಂದ ಪ್ರಯತ್ನಿಸುತ್ತಿದ್ದಾನೆ. ಆ ಪ್ರಯತ್ನದ ಫಲವಾಗಿ ಹುಟ್ಟಿದ್ದು ನಳಿಗೆಯ ತುದಿಗೆ ತಿರುಗಿಸಿ ಕೂರಿಸುವ ಒಂದು ಸಣ್ಣ ತೂಕ. ಅದನ್ನು 'ಬ್ಯಾರೆಲ್ ಟ್ಯೂನರ್' ಎಂದು ಕರೆಯುತ್ತಾರೆ. ಈ ಸಣ್ಣ ಸಾಧನದ ಕಥೆಯನ್ನು ನಿಮಗೆ ಹೇಳಬೇಕೆನಿಸಿತು. ಏಕೆಂದರೆ ಇದು ಬರೀ ಬಂದೂಕಿನ ಕಥೆಯಲ್ಲ. ಎಷ್ಟು ನೋಡಿದ ಮೇಲೆ ನಂಬಬೇಕು ಎಂಬ ಪ್ರಶ್ನೆಯ ಕಥೆಯೂ ಹೌದು.

ಬೆಂಚಿನ ಅಂಚಿನ ಸ್ಕೇಲು

ಮೊದಲು ಆ ನಡುಕವೇನೆಂದು ನೋಡೋಣ. ಶಾಲೆಯಲ್ಲಿ ನಾವೆಲ್ಲ ಆಡಿದ ಒಂದು ಆಟ ಇದಕ್ಕೆ ಸಾಕು. ಉದ್ದನೆಯ ಸ್ಕೇಲಿನ ಒಂದು ತುದಿಯನ್ನು ಬೆಂಚಿಗೆ ಒತ್ತಿ ಹಿಡಿದು, ಹೊರಗೆ ಚಾಚಿದ ಇನ್ನೊಂದು ತುದಿಯನ್ನು ಬೆರಳಿನಿಂದ ಮೀಟಿದರೆ ಅದು 'ಗುರ್ರ್' ಎಂದು ಕಂಪಿಸುತ್ತದೆ. ಚಾಚಿದ ಭಾಗ ಉದ್ದವಾದರೆ ಕಂಪನ ನಿಧಾನ, ಗಿಡ್ಡವಾದರೆ ವೇಗ. ತುದಿಗೆ ಒಂದು ರಬ್ಬರನ್ನು ಅಂಟಿಸಿದರೆ ಕಂಪನ ಮತ್ತಷ್ಟು ನಿಧಾನವಾಗುತ್ತದೆ.

ರೈಫಲಿನ ನಳಿಗೆಯೂ ಇಂಥದೇ ಒಂದು ಸ್ಕೇಲು. ಅದರ ಹಿಂಬದಿ ಮಾತ್ರ ಭದ್ರವಾಗಿ ಕೂತಿರುತ್ತದೆ, ಬಾಯಿಯ ಕಡೆ ಗಾಳಿಯಲ್ಲಿ ಚಾಚಿರುತ್ತದೆ. ತೋಟಾದ ಮದ್ದು ಉರಿದು ಗುಂಡನ್ನು ತಳ್ಳಿದಾಗ ಆ ಹೊಡೆತಕ್ಕೆ ನಳಿಗೆ ಮೇಲೆ ಕೆಳಗೆ ಕಂಪಿಸುತ್ತದೆ. ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲೇ ನಳಿಗೆಯ ಬಾಯಿ ತನ್ನ ದಿಕ್ಕನ್ನು ಬದಲಿಸಿರುತ್ತದೆ. ಗುಂಡು ಹೊರಬೀಳುವ ಕ್ಷಣದಲ್ಲಿ ಬಾಯಿ ಎತ್ತ ತಿರುಗಿದೆಯೋ ಅತ್ತಲೇ ಅದರ ಪಯಣ.

ಇಷ್ಟು ಚಿಕ್ಕ ಅಲುಗಾಟದಿಂದ ಏನಾದೀತು ಎನ್ನುತ್ತೀರಾ? ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿ ಅದರಲ್ಲಿ ಒಂದು ಭಾಗವನ್ನು ತೆಗೆದುಕೊಳ್ಳಿ. ನಳಿಗೆ ಅಷ್ಟೇ ಅಷ್ಟು ಓರೆಯಾದರೂ 100 ಗಜ ದೂರದಲ್ಲಿ ಗುಂಡು ಸುಮಾರು ಒಂದು ಇಂಚು ಆಚೀಚೆಯಾಗುತ್ತದೆ. 1000 ಗಜ ದೂರದಲ್ಲಾದರೆ ಸುಮಾರು ಹತ್ತೂವರೆ ಇಂಚು. ಅಂದರೆ ಕೈ ನಡುಗದ, ಕಣ್ಣು ತಪ್ಪದ ಗುರಿಕಾರನ ಗುಂಡು ಕೂಡ ಚದುರಿ ಬೀಳಬಹುದು.

ಕಡಲೂರಿನಲ್ಲಿ ಮಣ್ಣಾದ ಗಣಿತಜ್ಞ

ನಳಿಗೆಯೊಳಗೆ ಸುರುಳಿ ಗೀರುಗಳನ್ನು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತಾ ನೆಟ್ಟಗೆ ಹೋಗುತ್ತದೆ ಎಂಬುದು ಯುರೋಪಿನ ಕಮ್ಮಾರರಿಗೆ ಬಹಳ ಹಿಂದೆಯೇ ಕೈಯನುಭವದಿಂದ ತಿಳಿದಿತ್ತು. ಏಕೆ ಹಾಗೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಅದನ್ನು ಗಣಿತದ ಕಣ್ಣಿನಿಂದ ಮೊದಲು ನೋಡಿದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್.

ರಾಬಿನ್ಸ್ 1742ರಲ್ಲಿ ಫಿರಂಗಿ ವಿದ್ಯೆಯ ಹೊಸ ತತ್ವಗಳ ಕುರಿತು ಪುಸ್ತಕ ಬರೆದನು. ಗುಂಡಿನ ವೇಗವನ್ನು ಅಳೆಯಲು ಅವನು ಕಂಡುಕೊಂಡ ಉಪಾಯ ಬಲು ಸರಳ. ಮರದ ದಪ್ಪ ತುಂಡೊಂದನ್ನು ತೂಗುಹಾಕಿ ಅದಕ್ಕೆ ಗುಂಡು ಹೊಡೆಯುವುದು, ತುಂಡು ಎಷ್ಟು ದೂರ ತೂಗಿತು ಎಂದು ಅಳೆದು ಗುಂಡಿನ ವೇಗವನ್ನು ಲೆಕ್ಕ ಹಾಕುವುದು. ಹಾರುವ ಗುಂಡಿಗೆ ಗಾಳಿ ಒಡ್ಡುವ ತಡೆ ಅಲ್ಲಿಯವರೆಗೆ ಪಂಡಿತರು ಊಹಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಎಂಬುದು ಇದರಿಂದ ಗೊತ್ತಾಯಿತು. ಜರ್ಮನಿಯಲ್ಲಿದ್ದ ಮಹಾ ಗಣಿತಜ್ಞ ಆಯ್ಲರ್ ಈ ಪುಸ್ತಕವನ್ನು 1745ರಲ್ಲಿ ಜರ್ಮನ್ ಭಾಷೆಗೆ ತಂದನು.

ರಾಬಿನ್ಸನ ಇನ್ನೊಂದು ಪ್ರಯೋಗ ಇನ್ನೂ ಸೊಗಸಾದದ್ದು. ಗುಂಡಿನ ಹಾದಿಯಲ್ಲಿ ತೆಳುವಾದ ಕಾಗದದ ಪರದೆಗಳನ್ನು ಸಾಲಾಗಿ ನಿಲ್ಲಿಸಿ, ಬಾಯಿಯ ಬಳಿ ಎಡಕ್ಕೆ ಬಗ್ಗಿಸಿದ ನಳಿಗೆಯಿಂದ ಗುಂಡು ಹಾರಿಸಿದನು. ಗುಂಡು ಮೊದಲು ಎಡಕ್ಕೆ ಹೋಗಿ, ಆಮೇಲೆ ಬಲಕ್ಕೆ ತಿರುಗಿತು! ಗುಂಡು ತಿರುಗುವ ರೀತಿಯೇ ಅದರ ಹಾದಿಯನ್ನು ಬಗ್ಗಿಸುತ್ತದೆ ಎಂಬುದಕ್ಕೆ ಪರದೆಗಳ ತೂತುಗಳೇ ಸಾಕ್ಷಿಯಾದವು. ಈ ಕಾಗದದ ಪರದೆಗಳನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತವೆ.

1747ರಲ್ಲಿ ರಾಬಿನ್ಸ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಸುರುಳಿ ಗೀರಿನ ನಳಿಗೆಗಳ ಬಗ್ಗೆ ಪ್ರಬಂಧ ಮಂಡಿಸಿ, ಇದರ ಮರ್ಮವನ್ನು ಅರಿತು ಬಳಸುವ ದೇಶ ಯುದ್ಧದಲ್ಲಿ ಉಳಿದವರನ್ನು ಮೀರಿಸುತ್ತದೆ ಎಂದು ಮುನ್ನುಡಿದನು. ಆಮೇಲೆ ಈಸ್ಟ್ ಇಂಡಿಯಾ ಕಂಪೆನಿಯ ಮುಖ್ಯ ಇಂಜಿನಿಯರನಾಗಿ ಕೋಟೆಗಳನ್ನು ಭದ್ರಪಡಿಸಲು ನಮ್ಮ ದೇಶಕ್ಕೆ ಬಂದವನು 1751ರಲ್ಲಿ ಜ್ವರಕ್ಕೆ ತುತ್ತಾಗಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಅವನ ಮಾತು ನಿಜವಾಗಲು ಇನ್ನೂ ನೂರು ವರ್ಷ ಬೇಕಾಯಿತು.

ವಿಟ್ವರ್ತನ ಗ್ಯಾಲರಿ ಮತ್ತು ರಾಣಿಯ ಒಂದು ಗುಂಡು

1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಎಂದರೆ ನಮ್ಮ ಓದುಗರಿಗೆ ತಕ್ಷಣ ನೆನಪಾಗುವುದು 1857ರ ದಂಗೆ. ಕೊಬ್ಬು ಸವರಿದ ತೋಟಾಗಳ ಸುದ್ದಿ ಹಬ್ಬಿ ಸಿಪಾಯಿಗಳು ಸಿಡಿದೆದ್ದದ್ದು ಇದೇ ರೈಫಲಿನ ಕಾರಣದಿಂದ. ಅದೇ ರೈಫಲಿನ ಬಗ್ಗೆ ಇಂಗ್ಲೆಂಡಿನಲ್ಲಿ ಬೇರೆ ಇನ್ನೊಂದು ಚರ್ಚೆಯೂ ನಡೆದಿತ್ತು. ಇದಕ್ಕಿಂತ ನೆಟ್ಟಗೆ ಹೊಡೆಯುವ ನಳಿಗೆಯನ್ನು ಮಾಡಲಾಗದೆ?

ಸರ್ಕಾರ 1854ರಲ್ಲಿ ಈ ವಿಷಯವಾಗಿ ಮ್ಯಾಂಚೆಸ್ಟರಿನ ಜೋಸೆಫ್ ವಿಟ್ವರ್ತನನ್ನು ಕೇಳಿಕೊಂಡಿತು. ಇಂಚಿನ ಹತ್ತು ಲಕ್ಷದ ಒಂದು ಭಾಗವನ್ನು ಗುರುತಿಸುವ ಅಳತೆಯಂತ್ರವನ್ನು ಮಾಡಿದ್ದ ಮನುಷ್ಯ ಅವನು. ಸುಮ್ಮನೆ ಅಂದಾಜಿನಲ್ಲಿ ಏನನ್ನೂ ಹೇಳುವುದಿಲ್ಲ, ಮೊದಲು ಪ್ರಯೋಗ ಆಗಬೇಕು ಎಂದು ಹಟ ಹಿಡಿದನು. ಗಾಳಿ ಮಳೆ ತಾಗದಂತೆ 500 ಗಜ ಉದ್ದದ ಮುಚ್ಚಿದ ಗ್ಯಾಲರಿಯನ್ನು ಕಟ್ಟಿಸಿದನು. ಅದರೊಳಗೆ ಉದ್ದಕ್ಕೂ ತೆಳುಕಾಗದದ ಪರದೆಗಳು! ರಾಬಿನ್ಸನ ಉಪಾಯ ನೂರು ವರ್ಷದ ಬಳಿಕ ಮತ್ತೆ ಕೆಲಸಕ್ಕೆ ಬಂತು.

ಕೊನೆಗೆ ವಿಟ್ವರ್ತ್ ಆರು ಮುಖದ ನಳಿಗೆಯ ರೈಫಲನ್ನು ಮಾಡಿದನು. ಎನ್‌ಫೀಲ್ಡಿನಲ್ಲಿ 78 ಇಂಚಿಗೆ ಒಂದು ಸುತ್ತು ಇದ್ದ ಸುರುಳಿ ಇದರಲ್ಲಿ 20 ಇಂಚಿಗೆ ಒಂದು ಸುತ್ತಾಯಿತು. 1857ರ ಹೈಥ್ ಪರೀಕ್ಷೆಯಲ್ಲಿ 500 ಗಜ ದೂರದಲ್ಲಿ ಎನ್‌ಫೀಲ್ಡಿನ ಗುಂಡುಗಳು ನಡುಬಿಂದುವಿನಿಂದ ಸರಾಸರಿ 27 ಇಂಚು ದೂರ ಬಿದ್ದರೆ, ವಿಟ್ವರ್ತನವು ನಾಲ್ಕೂವರೆ ಇಂಚಿನ ಒಳಗೇ ಬಿದ್ದವು. ಆದರೂ ದುಬಾರಿ, ಒಳಗೆ ಮಸಿ ಬೇಗ ಕಟ್ಟಿಕೊಳ್ಳುತ್ತದೆ ಎಂದು ಸೇನೆ ಅದನ್ನು ಒಪ್ಪಲಿಲ್ಲ.

ಆದರೆ ಜನ ನೆನಪಿಟ್ಟದ್ದು ಈ ಸರಾಸರಿಯನ್ನಲ್ಲ, ಬೇರೊಂದು ದೃಶ್ಯವನ್ನು. 1860ರ ಜುಲೈ 2ರಂದು ವಿಂಬಲ್ಡನ್ನಿನಲ್ಲಿ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಕೂಟ ನಡೆಯಿತು. ವಿಕ್ಟೋರಿಯಾ ರಾಣಿ ರೇಷ್ಮೆ ದಾರವನ್ನೆಳೆದು, ಯಂತ್ರಕ್ಕೆ ಬಿಗಿದಿಟ್ಟ ವಿಟ್ವರ್ತ್ ರೈಫಲಿನಿಂದ ಮೊದಲ ಗುಂಡನ್ನು ಹಾರಿಸಿದಳು. 400 ಗಜ ದೂರದ ಗುರಿಯಲ್ಲಿ ಗುಂಡು ನಡುಬಿಂದುವಿನಿಂದ ಒಂದೂಕಾಲು ಇಂಚಿನಷ್ಟೇ ಆಚೆ ಬಿತ್ತು. ಜನ ಹರ್ಷೋದ್ಗಾರ ಮಾಡಿದರು.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಹೈಥ್‌ನ ಪರೀಕ್ಷೆ ಹಲವು ಗುಂಡುಗಳ ಸರಾಸರಿ. ರಾಣಿಯದು ಒಂದೇ ಒಂದು ಗುಂಡು. ರೈಫಲಿನ ನಿಜವಾದ ಗುಣವನ್ನು ಹೇಳುವುದು ಮೊದಲನೆಯದು. ಆದರೆ ಮನಸ್ಸನ್ನು ಗೆಲ್ಲುವುದು ಎರಡನೆಯದು. ಮುಂದಿನ ಕಥೆಯೆಲ್ಲ ಈ ಎರಡರ ನಡುವಿನ ಜಗ್ಗಾಟವೇ.

ನಡುಕವನ್ನು ಅಳೆದವರು

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದು ಬಂತು. ಗುಂಡಿನ ವೇಗ ಹೆಚ್ಚಿತು, ನಳಿಗೆ ತೆಳುವಾಯಿತು, ನಡುಕ ಎದ್ದು ಕಾಣತೊಡಗಿತು. ಜರ್ಮನಿಯ ಕ್ರಾಂಜ್ ಮತ್ತು ಕೋಖ್ ಎಂಬ ವಿಜ್ಞಾನಿಗಳು ನಳಿಗೆಯ ಕಂಪನವನ್ನು ಛಾಯಾಚಿತ್ರದ ಮೂಲಕ ಹಿಡಿದು 1899ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ಆರ್ನಲ್ಫ್ ಮ್ಯಾಲಕ್ 1901ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ರೈಫಲ್ ನಳಿಗೆಗಳ ಕಂಪನದ ಬಗ್ಗೆ ಪ್ರಬಂಧ ಬರೆದನು.

ರೈಫಲಿನ ತೂಕದ ಕೇಂದ್ರ ನಳಿಗೆಯ ಗೆರೆಗಿಂತ ಕೆಳಗೆ, ಮರದ ಹಿಡಿಯ ಕಡೆ ಇರುತ್ತದೆ. ಗುಂಡು ಮುಂದಕ್ಕೆ ಹೋಗುವಾಗ ಹಿಂದಕ್ಕೆ ಬೀಳುವ ಒದೆತ ಈ ಕೇಂದ್ರದ ಮೇಲುಗಡೆಯಿಂದ ಹಾಯುತ್ತದೆ. ಹೀಗಾಗಿ ರೈಫಲ್ ನೆಟ್ಟಗೆ ಹಿಂದೆ ಸರಿಯುವ ಬದಲು ಬಾಗಲು ಹವಣಿಸುತ್ತದೆ, ನಳಿಗೆ ಮೀಟಿದ ಕೋಲಿನಂತಾಗುತ್ತದೆ. ಇದನ್ನು ಲೆಕ್ಕಕ್ಕೆ ತಂದದ್ದು ದೊಡ್ಡ ಸಾಧನೆ. ಅಲ್ಲಿಯವರೆಗೆ 'ಬಂದೂಕಿನ ಹಣೆಬರಹ' ಎಂದು ಬಿಟ್ಟಿದ್ದ ವಿಷಯ ಅಂದಿನಿಂದ ಭೌತಶಾಸ್ತ್ರದ ಒಂದು ಅಧ್ಯಾಯವಾಯಿತು.

'ತ್ರೀ ನಾಟ್ ತ್ರೀ'ಯ ಒಂದು ಗುಟ್ಟು

ನಮ್ಮ ಪೊಲೀಸರ ಹೆಗಲ ಮೇಲೆ ಬಹುಕಾಲ ಕಾಣುತ್ತಿದ್ದ .303 ರೈಫಲನ್ನು ಯಾರು ತಾನೆ ನೋಡಿಲ್ಲ? ಲೀ-ಎನ್‌ಫೀಲ್ಡ್ ವಂಶದ ಈ ರೈಫಲನ್ನು ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ದಶಕಗಳ ಕಾಲ ತಯಾರಿಸುತ್ತಿದ್ದರು. ಇದಕ್ಕೆ ಒಂದು ವಿಚಿತ್ರ ಗುಣವಿತ್ತು. ಹತ್ತಿರದ ಗುರಿಗೆ ಇದಕ್ಕಿಂತ ಬಿಗಿಯಾದ ಮೌಸರ್ ಮಾದರಿಯ ರೈಫಲ್‌ಗಳು ಹೆಚ್ಚು ಒಟ್ಟಾಗಿ ಹೊಡೆಯುತ್ತಿದ್ದವು. ಆದರೆ ಇಂಗ್ಲೆಂಡಿನ ಬಿಸ್ಲಿ ಮೈದಾನದಲ್ಲಿ 900, 1000 ಗಜದ ಸ್ಪರ್ಧೆ ಬಂದಾಗ ಅನುಭವಸ್ಥ ಗುರಿಕಾರರು ಲೀ-ಎನ್‌ಫೀಲ್ಡನ್ನೇ ಕೈಗೆತ್ತಿಕೊಳ್ಳುತ್ತಿದ್ದರು. ಹತ್ತಿರಕ್ಕೆ ಸಾಧಾರಣ, ದೂರಕ್ಕೆ ಉತ್ತಮ! ಇದು ಹೇಗೆ?

ಎರಡು ತೋಟಾಗಳ ಮದ್ದು ಎಂದಿಗೂ ಪೂರ್ತಿ ಒಂದೇ ಸಮ ಇರುವುದಿಲ್ಲ. ಆದ್ದರಿಂದ ಒಂದು ಗುಂಡು ತುಸು ವೇಗವಾಗಿ, ಇನ್ನೊಂದು ತುಸು ನಿಧಾನವಾಗಿ ಹೋಗುತ್ತದೆ. ನಿಧಾನದ ಗುಂಡು ದೂರ ಹೋದಂತೆ ಹೆಚ್ಚು ಕೆಳಗೆ ಬೀಳುತ್ತದೆ. ಲೀ-ಎನ್‌ಫೀಲ್ಡಿನ ಬೋಲ್ಟು ಹಿಂಬದಿಯಲ್ಲಿ ಕೊಂಡಿ ಹಾಕಿಕೊಳ್ಳುವ ರಚನೆಯದಾದ್ದರಿಂದ ಹೊಡೆತಕ್ಕೆ ಅದು ಹೆಚ್ಚು ಬಾಗುತ್ತಿತ್ತು. ಗುಂಡು ಹೊರಬೀಳುವ ಹೊತ್ತಿಗೆ ನಳಿಗೆಯ ಬಾಯಿ ಮೇಲಕ್ಕೇಳುತ್ತಾ ಇರುತ್ತಿತ್ತು. ವೇಗದ ಗುಂಡು ಬೇಗ ಹೊರಟು ಸ್ವಲ್ಪ ತಗ್ಗಿದ ಕೋನದಲ್ಲಿ ಹೋಗುತ್ತದೆ. ನಿಧಾನದ ಗುಂಡು ತಡವಾಗಿ ಹೊರಟು, ಅಷ್ಟರಲ್ಲಿ ಬಾಯಿ ಮೇಲೆದ್ದಿರುವುದರಿಂದ ಹೆಚ್ಚು ಎತ್ತರದ ಕೋನದಲ್ಲಿ ಹೋಗುತ್ತದೆ. ಹತ್ತಿರದಲ್ಲಿ ಈ ಎರಡೂ ಮೇಲೆ ಕೆಳಗೆ ಬಿದ್ದರೂ, ದೂರದಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬಿ ಎರಡೂ ಒಂದೇ ಕಡೆ ಬಂದು ಸೇರುತ್ತವೆ.

ಯಾವ ವಿನ್ಯಾಸಕಾರನೂ ಬೇಕೆಂದು ಮಾಡಿದ ಗುಣವಲ್ಲ ಇದು. ದೋಷವೆಂದು ಕಂಡದ್ದೇ ಒಂದು ದೂರಕ್ಕೆ ವರವಾಯಿತು. ಹಾಗಾದರೆ ನಡುಕವನ್ನು ಬೇಕೆಂದೇ ಹೊಂದಿಸಿಕೊಳ್ಳಲು ಸಾಧ್ಯವಾದರೆ? ಟ್ಯೂನರಿನ ಬೀಜ ಇರುವುದು ಈ ಪ್ರಶ್ನೆಯಲ್ಲಿ.

ಡಾಕ್ಟರ್ ಮಾನ್ ಅವರ ತಾಳ್ಮೆ

ಇದೇ ಕಾಲದಲ್ಲಿ ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಮಿಲ್ಫರ್ಡ್ ಎಂಬ ಊರಿನಲ್ಲಿ ಫ್ರಾಂಕ್ಲಿನ್ ಮಾನ್ ಎಂಬವರಿದ್ದರು. ಓದಿದ್ದು ವೈದ್ಯಕೀಯ. ಕೋಳಿಗಳಿಗೆ ಹಾಕಲು ಎಲುಬನ್ನು ಪುಡಿಮಾಡುವ ಯಂತ್ರವನ್ನು ತಯಾರಿಸಿ ಮಾರುತ್ತಿದ್ದರು. ಅದರಿಂದ ಬಂದ ಹಣವನ್ನೂ ತಮ್ಮ ಬಿಡುವನ್ನೂ ಅವರು ಸುರಿದದ್ದು ಒಂದೇ ಪ್ರಶ್ನೆಗೆ: ಒಂದೇ ನಳಿಗೆಯಿಂದ, ಒಂದೇ ರೀತಿ ಹೊಡೆದ ಎರಡು ಗುಂಡುಗಳು ಒಂದೇ ತೂತಿನಲ್ಲಿ ಏಕೆ ಹೋಗುವುದಿಲ್ಲ?

ಮನುಷ್ಯನ ಕೈಯ ತಪ್ಪನ್ನು ಪೂರ್ತಿ ಕಳೆಯಲು ಅವರು ನೆಲಕ್ಕೆ ಕಾಂಕ್ರೀಟಿನ ಭಾರೀ ಪೀಠವನ್ನು ಹಾಕಿ, ಅದರ ಮೇಲೆ ಇಂಗ್ಲಿಷಿನ 'ವಿ' ಅಕ್ಷರದಾಕಾರದ ತೊಟ್ಟಿಯಲ್ಲಿ ನಳಿಗೆಯನ್ನು ಮಲಗಿಸಿ ಹೊಡೆದರು. ಅಲುಗದ ಆ ಪೀಠಕ್ಕೆ ಅವರಿಟ್ಟ ಹೆಸರು 'ಜಿಬ್ರಾಲ್ಟರ್', ಬಂಡೆಯ ನೆನಪಿನಲ್ಲಿ. ಗುಂಡಿನ ಹಾದಿಯುದ್ದಕ್ಕೂ ಮತ್ತೆ ಅದೇ ಕಾಗದದ ಪರದೆಗಳು. ದಶಕಗಳ ಪ್ರಯೋಗವನ್ನು ಅವರು 1909ರಲ್ಲಿ ಪುಸ್ತಕವಾಗಿ ಹೊರತಂದರು.

ಗುಂಡಿನ ತೂಕ ಒಂದು ಬದಿಗೆ ವಾಲಿದ್ದರೆ, ಅದರ ಬುಡ ಓರೆಯಾಗಿದ್ದರೆ ಗುಂಡು ಚದುರುತ್ತದೆ ಎಂದು ಅವರು ತೋರಿಸಿಕೊಟ್ಟರು. ಅಂದರೆ ತಪ್ಪೆಲ್ಲವೂ ನಳಿಗೆಯದಲ್ಲ. ಕಾರಣ ಸಿಕ್ಕದ ತಪ್ಪುಗಳಿಗೆ ಅವರು 'ಎಕ್ಸ್ ತಪ್ಪು' ಎಂದು ಹೆಸರಿಟ್ಟರು. ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ನಾವು ಎಕ್ಸ್ ಎನ್ನುವುದಿಲ್ಲವೇ, ಹಾಗೆ. ಇಷ್ಟು ವರ್ಷ ದುಡಿದವರು ಕೊನೆಗೆ 'ಇದು ನನಗೆ ಗೊತ್ತಾಗಲಿಲ್ಲ' ಎಂದು ಬರೆಯಲು ಎಷ್ಟು ದೊಡ್ಡ ಮನಸ್ಸು ಬೇಕು!

ತುದಿಗೆ ಬಂದ ತೂಕ

ನಡುಕವನ್ನು ಹೊಂದಿಸಿಕೊಳ್ಳುವ ಪ್ರಯತ್ನಗಳು ಇಪ್ಪತ್ತನೆಯ ಶತಮಾನದಲ್ಲಿ ಹಲವು ರೂಪ ತಾಳಿದವು. ಕೆಲವರು ನಳಿಗೆಯನ್ನು ದಪ್ಪ ಮಾಡಿದರು. ಕೆಲವರು ಮರದ ಹಿಡಿ ಎಲ್ಲಿಯೂ ತಾಗದಂತೆ ನಳಿಗೆಯನ್ನು ಬಿಡುಬೀಸಾಗಿ ನಿಲ್ಲಿಸಿದರು. 1950ರ ದಶಕದಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪೆನಿಯ 40ಎಕ್ಸ್ ಎಂಬ .22 ಸ್ಪರ್ಧಾ ರೈಫಲಿನಲ್ಲಿ ಮುಂದಿನ ಮರದಿಂದ ನಳಿಗೆಯನ್ನು ಬೇಕಾದಷ್ಟು ಒತ್ತಲು ಸ್ಕ್ರೂಗಳಿದ್ದವು. ಸ್ಪರ್ಧೆಯ ಗುರಿಕಾರರು ನಳಿಗೆಯ ತುದಿಗೆ ತೂಕ ಕಟ್ಟುವುದು, ಕೊಳವೆ ಜೋಡಿಸುವುದು ಮೊದಲಾದವನ್ನೂ ಮಾಡಿ ನೋಡಿದರು.

ಈ ವಿಚಾರವನ್ನು ಅಂಗಡಿಯ ಸರಕಾಗಿ ಮಾಡಿದ್ದು ಬ್ರೌನಿಂಗ್ ಕಂಪೆನಿ. ಕ್ಲೈಡ್ ರೋಸ್ ಎಂಬ ಸಂಶೋಧಕರ ಹೆಸರಿನಲ್ಲಿ ಇದರ ಪೇಟೆಂಟ್ 1994ರಲ್ಲಿ ಸಿಕ್ಕಿತು. 'ಬ್ಯಾಲಿಸ್ಟಿಕ್ ಆಪ್ಟಿಮೈಸಿಂಗ್ ಶೂಟಿಂಗ್ ಸಿಸ್ಟಮ್' ಎಂಬ ಉದ್ದ ಹೆಸರು ಜನರ ಬಾಯಲ್ಲಿ 'ಬಾಸ್' ಆಯಿತು. ನಳಿಗೆಯ ಬಾಯಿಗೆ ತಿರುಪಿನಂತೆ ಕೂರುವ ಉಕ್ಕಿನ ಬಳೆ, ಅದರ ಮೇಲೆ ಅಂಕೆಗಳ ಗುರುತು. ಬಳೆಯನ್ನು ತಿರುಗಿಸಿದರೆ ತೂಕ ತುಸು ಮುಂದೆ ಅಥವಾ ಹಿಂದೆ ಸರಿಯುತ್ತದೆ, ಸ್ಕೇಲಿನ ತುದಿಯ ರಬ್ಬರನ್ನು ಸರಿಸಿದ ಹಾಗೆ. ನಡುಕದ ವೇಗ ಬದಲಾಗುತ್ತದೆ. ಯಾವ ತೋಟಾಕ್ಕೆ ಯಾವ ಅಂಕೆಯಿಂದ ಶುರುಮಾಡಬೇಕು ಎಂಬ ಪಟ್ಟಿಯನ್ನೂ ಕಂಪೆನಿ ಕೊಡುತ್ತಿತ್ತು. ಮೊದಲ ಬಾಸ್‌ನಲ್ಲಿ ಒದೆತ ತಗ್ಗಿಸುವ ತೂತುಗಳಿದ್ದು ಅದರ ಸದ್ದು ಕಿವಿಗಡಚಿಕ್ಕುವಂತಿತ್ತು. ದೂರುಗಳು ಬಂದ ಮೇಲೆ ತೂತಿಲ್ಲದ ಬಾಸ್ ಕೂಡ ಬಂತು.

ಇದರ ಹಿಂದಿನ ತರ್ಕ ಎರಡು ಬಗೆಯದು. ಉಯ್ಯಾಲೆ ಅತ್ತ ತುದಿಗೆ ಹೋಗಿ ಇತ್ತ ಮರಳುವ ಮೊದಲು ಒಂದು ಕ್ಷಣ ನಿಲ್ಲುತ್ತದೆ. ನಳಿಗೆಯೂ ಅಷ್ಟೆ. ಗುಂಡು ಆ ನಿಂತ ಕ್ಷಣದಲ್ಲಿ ಹೊರಬಂದರೆ, ಒಂದೆರಡು ಗುಂಡು ತುಸು ಹಿಂದುಮುಂದಾದರೂ ದಿಕ್ಕು ಕೆಡುವುದಿಲ್ಲ ಎಂಬುದು ಒಂದು ವಾದ. ಬಾಯಿ ಮೇಲೇಳುವಾಗ ಗುಂಡು ಹೊರಬಂದರೆ ಲೀ-ಎನ್‌ಫೀಲ್ಡಿನಂತೆ ವೇಗದ ವ್ಯತ್ಯಾಸ ತಾನೇ ಸರಿಹೋಗುತ್ತದೆ ಎಂಬುದು ಇನ್ನೊಂದು. ಎರಡೂ ಕೇಳಲು ಚೆನ್ನಾಗಿವೆ, ಎರಡಕ್ಕೂ ಭೌತಶಾಸ್ತ್ರದ ಆಧಾರವಿದೆ. ಆದರೆ ನಿಜವಾದ ರೈಫಲಿನಲ್ಲಿ ಅದು ನಡೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಮೂರು ಗುಂಡಿನ ಮೋಸ

ಹೆಚ್ಚಿನವರು ಹೀಗೆ ಮಾಡುತ್ತಾರೆ. ಟ್ಯೂನರನ್ನು ಒಂದನೇ ಅಂಕೆಗೆ ಇಟ್ಟು ಮೂರು ಗುಂಡು. ಎರಡಕ್ಕೆ ಇಟ್ಟು ಮೂರು ಗುಂಡು. ಹೀಗೆ ಹತ್ತು ಅಂಕೆಗಳಿಗೆ ಮೂವತ್ತು ಗುಂಡು. ಆಮೇಲೆ ಹತ್ತು ಗುಂಪುಗಳನ್ನು ಸಾಲಾಗಿಟ್ಟು ನೋಡುತ್ತಾರೆ. ಆರನೇ ಅಂಕೆಯಲ್ಲಿ ಮೂರೂ ತೂತು ಅಂಟಿಕೊಂಡಂತಿವೆ, ಒಂಬತ್ತರಲ್ಲಿ ಚೆಲ್ಲಾಪಿಲ್ಲಿ. "ನೋಡಿದಿರಾ, ಟ್ಯೂನರ್ ಕೆಲಸ ಮಾಡಿತು! ಆರೇ ಸರಿ" ಎಂದು ಬಳೆಯನ್ನು ಬಿಗಿದು ಮನೆಗೆ ಹೋಗುತ್ತಾರೆ.

ಈಗ ನೀವೊಂದು ಪ್ರಯೋಗ ಮಾಡಿ. ಮನೆಯಲ್ಲಿ ಮಕ್ಕಳು ಆಡುವ ದಾಳ ಮೂರು ತೆಗೆದುಕೊಳ್ಳಿ. ಹತ್ತು ಸಲ ಎಸೆದು, ಪ್ರತಿ ಸಲದ ಮೊತ್ತವನ್ನು ಬರೆದಿಡಿ. ಒಮ್ಮೆ ಆರೋ ಏಳೋ ಬರುತ್ತದೆ, ಇನ್ನೊಮ್ಮೆ ಹದಿನಾಲ್ಕೋ ಹದಿನೈದೋ. ಆರು ಬಂದದ್ದು ನಾಲ್ಕನೇ ಎಸೆತದಲ್ಲಿ ಎಂದುಕೊಳ್ಳಿ. 'ನಾಲ್ಕನೇ ಎಸೆತದಲ್ಲಿ ನನ್ನ ಕೈ ಸರಿಯಾಗಿತ್ತು' ಎಂದು ಯಾರಾದರೂ ಹೇಳಿದರೆ ನೀವು ನಗುತ್ತೀರಿ. ದಾಳ ಬದಲಾಗಿಲ್ಲ, ಕೈ ಬದಲಾಗಿಲ್ಲ. ಬರೀ ಆಕಸ್ಮಿಕ.

ಗುಂಡುಗಳ ಲೆಕ್ಕವೂ ಹಾಗೆಯೇ. ಒಂದು ರೈಫಲ್ ಮೂರು ಗುಂಡಿನ ಗುಂಪಿನಲ್ಲಿ ಸರಾಸರಿ ಒಂದು ಇಂಚು ಹರಡುತ್ತದೆ ಎನ್ನೋಣ. ಅದರಲ್ಲಿ ಏನನ್ನೂ ಬದಲಿಸದೆ ಐದು ಗುಂಡು ಹಾರಿಸಿದರೆ ಗುಂಪಿನ ಸರಾಸರಿ ಅಗಲ ಸುಮಾರು 1.3 ಇಂಚಾಗುತ್ತದೆ. ಹತ್ತು ಗುಂಡು ಹಾರಿಸಿದರೆ ಸುಮಾರು 1.6 ಇಂಚು. ರೈಫಲ್ ಕೆಟ್ಟಿಲ್ಲ, ನಾವು ಹೆಚ್ಚು ನೋಡಿದೆವು ಅಷ್ಟೆ. ಇನ್ನು ಮೂರು ಗುಂಡಿನ ಹತ್ತು ಗುಂಪುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಎಲ್ಲಕ್ಕಿಂತ ಚಿಕ್ಕದರ ಎರಡು ಮೂರು ಪಟ್ಟು ಇದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಬಳೆಯನ್ನು ಮುಟ್ಟದೆ ಹೊಡೆದರೂ ಹಾಗೆ ಆಗುತ್ತದೆ. ಆರನೇ ಅಂಕೆಯ ಮಹಿಮೆ ನಿಜವೇ ಎಂದು ತಿಳಿಯಬೇಕಾದರೆ ಮರುದಿನ ಮತ್ತೆ ಬಂದು, ಅದೇ ಆರರಲ್ಲಿಯೂ ಒಂಬತ್ತರಲ್ಲಿಯೂ ಹತ್ತಿಪ್ಪತ್ತು ಗುಂಡು ಹಾರಿಸಿ ಹೋಲಿಸಬೇಕು. ಆದರೆ ಗುಂಡಿಗೆ ದುಡ್ಡು ಬೇಕು, ಹೊತ್ತು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ನಾವು ಆಗಲೇ ನಂಬಿದ್ದು ಸುಳ್ಳಾದರೆ ಎಂಬ ಅಳುಕನ್ನು ಮೀರಬೇಕು.

ಹಾಗೆ ಅಳೆದು ನೋಡಿದವರಲ್ಲಿ ಅಮೆರಿಕದ ಬ್ರಯಾನ್ ಲಿಟ್ಜ್ ಒಬ್ಬರು. ಗುಂಡಿನ ಚಲನೆಯ ಶಾಸ್ತ್ರದಲ್ಲಿ ಹೆಸರಾದ ಇವರು ದೂರದ ಗುರಿಗಾರಿಕೆಯ ಬಗ್ಗೆ 2022ರಲ್ಲಿ ಹೊರತಂದ ಪುಸ್ತಕದಲ್ಲಿ ಟ್ಯೂನರುಗಳ ಪರೀಕ್ಷೆಯನ್ನೂ ಸೇರಿಸಿದರು. ಹೆಚ್ಚು ಗುಂಡುಗಳನ್ನು ಹಾರಿಸಿ ಹೋಲಿಸಿದಾಗ, ಮತ್ತೆ ಮತ್ತೆ ಮರುಕಳಿಸುವಂಥ ಸುಧಾರಣೆ ಅವರಿಗೆ ಕಾಣಲಿಲ್ಲ. ಟ್ಯೂನರ್ ಬಳಸುವವರ ನಡುವೆ ದೊಡ್ಡ ವಾದವೇ ಎದ್ದಿತು.

ಹಾಗಾದರೆ ಎಲ್ಲವೂ ಸುಳ್ಳೇ?

ಹಾಗೆಂದು ಇನ್ನೊಂದು ತುದಿಗೆ ಜಿಗಿಯುವುದೂ ತಪ್ಪು. .22 ರೈಫಲನ್ನು ಮೇಜಿನ ಮೇಲೆ ಆನಿಸಿ ಹೊಡೆಯುವ ಸ್ಪರ್ಧೆಗಳಲ್ಲಿ ಮುಂಚೂಣಿಯವರು ಹೆಚ್ಚುಕಡಿಮೆ ಎಲ್ಲರೂ ಟ್ಯೂನರ್ ಕಟ್ಟಿಕೊಂಡೇ ಬರುತ್ತಾರೆ. ಅವರು ಒಂದೇ ರೈಫಲಿನಲ್ಲಿ ವರ್ಷಕ್ಕೆ ಸಾವಿರಾರು ಗುಂಡು ಹಾರಿಸುವವರು, ಅವರ ಅನುಭವವನ್ನು ತಳ್ಳಿಹಾಕಲಾಗದು.

ಇದಕ್ಕೆ ಕಾರಣವೂ ಇದೆ. .22ರ ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೋಗುತ್ತದೆ, ಅಂದರೆ ಸದ್ದಿನ ವೇಗಕ್ಕೂ ತುಸು ಕಡಿಮೆ. ಒಂದು ಗುಂಡು ಇನ್ನೊಂದಕ್ಕಿಂತ ಸೆಕೆಂಡಿಗೆ 10 ಮೀಟರಿನಷ್ಟು ನಿಧಾನವಾದರೆ 50 ಮೀಟರ್ ದೂರದಲ್ಲಿ ಅದು ಸುಮಾರು 7 ಮಿಲಿಮೀಟರ್ ಕೆಳಗೆ ಬೀಳುತ್ತದೆ. ಒಲಿಂಪಿಕ್ಸಿನ 50 ಮೀಟರ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿಲಿಮೀಟರ್ ಮಾತ್ರ! 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಅವರು 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ 451.4 ಅಂಕ ಗಳಿಸಿ ಕಂಚು ಗೆದ್ದದ್ದು ಇಂಥ ಗುರಿಯ ಮೇಲೆಯೇ. ಅಂಥಲ್ಲಿ ನಿಧಾನದ ಗುಂಡನ್ನು ಸ್ವಲ್ಪವೇ ಸ್ವಲ್ಪ ಮೇಲೆತ್ತುವ ನಳಿಗೆ ಸಿಕ್ಕಿದರೆ ಲಾಭವಿದ್ದೀತು. ಲೀ-ಎನ್‌ಫೀಲ್ಡ್ 1000 ಗಜದಲ್ಲಿ ಮಾಡಿದ್ದನ್ನು .22 ರೈಫಲ್ 50 ಮೀಟರಿನಲ್ಲಿ ಮಾಡಲು ತಾತ್ವಿಕವಾಗಿ ಅಡ್ಡಿಯಿಲ್ಲ.

ಆದ್ದರಿಂದ ಟ್ಯೂನರ್ ಕೆಲಸ ಮಾಡುತ್ತದೆ ಎನ್ನುವುದೂ, ಮಾಡುವುದಿಲ್ಲ ಎನ್ನುವುದೂ ಅವಸರದ ಮಾತೇ. ಯಾವ ರೈಫಲ್, ಯಾವ ತೋಟಾ, ಎಷ್ಟು ದೂರ, ಎಷ್ಟು ಗುಂಡು ಹಾರಿಸಿ ನೋಡಿದಿರಿ ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ 'ಮೂರು' ಎಂಬ ಉತ್ತರ ಬಂದರೆ ನಸುನಕ್ಕು ಸುಮ್ಮನಾಗಬೇಕು.

ನಮಗಿದರಿಂದ ಏನು?

ಓದುಗರೇ, ನಮ್ಮಲ್ಲಿ ಬಂದೂಕು ಹಿಡಿಯುವವರು ಬೆರಳೆಣಿಕೆಯ ಮಂದಿ. ಆದರೆ ಮೂರು ಗುಂಡು ನೋಡಿ ತೀರ್ಪು ಕೊಡುವವರು ಮನೆಮನೆಯಲ್ಲೂ ಇದ್ದೇವೆ. ಫಲಿತಾಂಶ ಬಂದ ಮರುದಿನ ಟ್ಯೂಷನ್ ಕೇಂದ್ರಗಳ ಜಾಹೀರಾತುಗಳನ್ನು ನೋಡಿ. ಹೆಚ್ಚು ಅಂಕ ಗಳಿಸಿದ ಮೂವರು ಮಕ್ಕಳ ನಗುಮುಖ ಅಲ್ಲಿರುತ್ತದೆ. ಅದೇ ಬೆಂಚಿನಲ್ಲಿ ಕೂತಿದ್ದ ಉಳಿದ ಮುನ್ನೂರು ಮಕ್ಕಳ ಕಥೆ ಏನಾಯಿತು? ಅದು ಚಿತ್ರದಲ್ಲಿಲ್ಲ. ಚೆಲ್ಲಾಪಿಲ್ಲಿಯಾದ ಗುಂಪುಗಳನ್ನು ಎಸೆದು ಆರನೇ ಅಂಕೆಯ ಕಾಗದವನ್ನಷ್ಟೇ ಗೋಡೆಗೆ ತೂಗುಹಾಕಿದ ಹಾಗೆ.

ಇದಕ್ಕಿಂತ ನೋವಿನದು ಇನ್ನೊಂದಿದೆ. ಒಂದು ಪರೀಕ್ಷೆಯಲ್ಲಿ ಜಾರಿದ ಹುಡುಗನಿಗೆ 'ನಿನ್ನ ಕೈಲಾಗದು' ಎಂದು ಹೇಳಿ ಅಂಗಡಿಗೆ ಕೂರಿಸುತ್ತೇವೆ. ಒಂದು ಸಲ ಗಣಿತದಲ್ಲಿ ಕಡಿಮೆ ಬಂದ ಹುಡುಗಿಗೆ ಸಾಕು ಓದು ಎನ್ನುತ್ತೇವೆ. ಒಂದೇ ಗುಂಡಿನಿಂದ ಒಂದು ರೈಫಲಿನ ಗುಣವನ್ನೇ ಹೇಳಲಾಗದು ಎಂದಮೇಲೆ, ಒಂದು ಅಂಕಪಟ್ಟಿಯಿಂದ ಒಂದು ಮಗುವಿನ ಬಾಳನ್ನು ಅಳೆಯುವುದು ಯಾವ ನ್ಯಾಯ? ಇನ್ನೊಂದು ಕಾಗದವನ್ನು ನಿಲ್ಲಿಸಿ, ಇನ್ನೂ ಐದು ಗುಂಡು ಕೊಡಿ, ಆಮೇಲೆ ನೋಡಿ.

ನಮ್ಮ ಹಿರಿಯರು 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂದಿದ್ದಾರೆ. ರಾಬಿನ್ಸ್ ತೂಗುಹಾಕಿದ ಮರದ ತುಂಡು, ವಿಟ್ವರ್ತನ ಗ್ಯಾಲರಿ, ಡಾಕ್ಟರ್ ಮಾನ್ ಅವರ ಕಾಂಕ್ರೀಟ್ ಪೀಠ ಇವೆಲ್ಲ ಆ ಒಂದು ಗಾದೆಯ ಬೇರೆ ಬೇರೆ ರೂಪಗಳೇ. ಇವರಲ್ಲಿ ಯಾರೂ ತಮ್ಮ ಕಣ್ಣನ್ನು ಸುಲಭದಲ್ಲಿ ನಂಬಲಿಲ್ಲ. ಕಾಗದದ ಪರದೆ ಹೇಳಿದ್ದನ್ನು ಒಪ್ಪಿಕೊಂಡರು, ಗೊತ್ತಾಗದ್ದನ್ನು 'ಎಕ್ಸ್' ಎಂದು ಬರೆದಿಟ್ಟು ಮುಂದಿನವರಿಗೆ ಬಿಟ್ಟರು.

ವಿದ್ಯಾರ್ಥಿ ಮಿತ್ರರೇ, ಮುಂದಿನ ಸಲ ರೇಂಜಿನಲ್ಲಿ ನಿಮ್ಮ ಗುಂಡು ಚದುರಿದರೆ ರೈಫಲನ್ನು ಬೈಯುವ ಮೊದಲು, ನಿಮ್ಮನ್ನು ನೀವು ಬೈದುಕೊಳ್ಳುವುದಕ್ಕೂ ಮೊದಲು, ಉಸ್ತಾದರಲ್ಲಿ ಇನ್ನೈದು ಗುಂಡು ಕೇಳಿ ನೋಡಿ. ಕೊಟ್ಟರೆ ನಿಮ್ಮ ಪುಣ್ಯ!